ಮಧುಮೇಹಚಿಕಿತ್ಸೆಯಲ್ಲಿ ದ್ವೀಪಕೋಶಗಳ ಕಸಿ: ಅದರ ಚರಿತ್ರೆ

೧. ವಿಷಯಪ್ರವೇಶ

ಒಂದು ಚಿಕಿತ್ಸೆಯ ಚರಿತ್ರೆಯನ್ನು ಬರೆಯಹೊರಟವರಿಗೆ ಮೊದಲು ಎದುರಾಗುವುದು ಕಾಲನಿರ್ಣಯದ ಪ್ರಶ್ನೆ. ಸಾಮಾನ್ಯವಾಗಿ ಬಾಲ್ಯದಲ್ಲಿಯೋ ಯೌವನದಲ್ಲಿಯೋ ತಲೆದೋರಿ, ಜೀವಮಾನವೆಲ್ಲ ಇನ್ಸುಲಿನ್ನಿನ ಆಶ್ರಯವನ್ನು ಬೇಡುವ ಮಧುಮೇಹವನ್ನು ಈಗಿನ ವೈದ್ಯರು ಒಂದನೆಯ ಬಗೆಯ ಮಧುಮೇಹವೆಂದು ಕರೆಯುತ್ತಾರೆ. ಮೃತರಾದ ದಾನಿಗಳ ಮೇದೋಜೀರಕಗ್ರಂಥಿಯಿಂದ ಇನ್ಸುಲಿನ್ನನ್ನು ಸ್ರವಿಸುವ ಕೋಶಸಮೂಹಗಳನ್ನು ಬೇರ್ಪಡಿಸಿ ಇಂತಹ ರೋಗಿಯ ದೇಹದಲ್ಲಿ ನೆಲೆಗೊಳಿಸುವ ಚಿಕಿತ್ಸೆಯು ಎಂದು ಹುಟ್ಟಿತೆಂದು ಕೇಳಿದರೆ ಸಾಧಾರಣವಾಗಿ ದೊರೆಯುವ ಉತ್ತರ ೨೦೦೦ನೆಯ ಇಸವಿ, ಕೆನಡ ದೇಶದ ಎಡ್ಮಂಟನ್ ನಗರ. ಈ ಉತ್ತರವು ಸುಳ್ಳಲ್ಲ, ಅಪೂರ್ಣವಾದುದು. ಇನ್ಸುಲಿನ್ ದೊರೆಯುವುದಕ್ಕೆ ಇಪ್ಪತ್ತೆಂಟು ವರ್ಷಗಳ ಹಿಂದೆಯೇ ಈ ಪ್ರಯತ್ನವು ಮನುಷ್ಯನ ಮೇಲೆ ನಡೆದಿತ್ತು. ಎಡ್ಮಂಟನ್ನಿನ ಜಯವೂ ಮೊದಲು ತೋರಿದಷ್ಟು ದೀರ್ಘಕಾಲ ನಿಲ್ಲಲಿಲ್ಲ.

ಈ ಲೇಖನದಲ್ಲಿ ಎರಡು ಸಂಗತಿಗಳನ್ನು ನಿರೂಪಿಸಲು ಯತ್ನಿಸಲಾಗಿದೆ. ಈ ಚಿಕಿತ್ಸೆಯ ದಾರಿಯಲ್ಲಿ ಮೂರು ಬೇರೆ ಬೇರೆ ತೊಡಕುಗಳಿದ್ದುವೆಂಬುದೂ ಅವು ಒಂದಾದ ಮೇಲೊಂದರಂತೆ ಬೇರೆ ಬೇರೆ ಕಾಲಗಳಲ್ಲಿ ಗೋಚರಿಸಿದುವೆಂಬುದೂ ಮೊದಲನೆಯದು. ಪ್ರತಿಯೊಂದು ಘಟ್ಟದಲ್ಲಿಯೂ "ಗುಣವಾಯಿತು" ಎಂಬ ಮಾತಿನ ಅರ್ಥವೇ ಬದಲಾಗುತ್ತ ಬಂದಿತೆಂಬುದೂ ಆ ಬದಲಾವಣೆಯನ್ನು ಗಮನಿಸದೆ ಯಾವುದು ಮೊದಲ ಜಯವೆಂದು ತೀರ್ಮಾನಿಸಲಾಗದೆಂಬುದೂ ಎರಡನೆಯದು.

ಶಬ್ದದ ವಿಷಯವಾಗಿ ಒಂದು ಮಾತು. "ಕಸಿ" ಎಂಬುದು ನಮ್ಮಲ್ಲಿ ತೋಟಗಾರನ ಮಾತು. ಒಂದು ಮಾವಿನ ಕೊಂಬೆಯನ್ನು ಇನ್ನೊಂದು ಮಾವಿನ ಬುಡಕ್ಕೆ ಕಟ್ಟಿದರೆ ಬುಡವು ಅದನ್ನು ತನ್ನದೆಂದು ಒಪ್ಪಿ ರಸವನ್ನು ಕೊಡುತ್ತದೆ. ಪಾಶ್ಚಾತ್ಯ ಭಾಷೆಗಳಲ್ಲಿಯೂ ವೈದ್ಯರು ಈ ಮಾತನ್ನು ತೋಟದಿಂದಲೇ ತಂದುಕೊಂಡರು. ಆದರೆ ಪ್ರಾಣಿದೇಹಕ್ಕೆ ಈ ಔದಾರ್ಯವಿಲ್ಲ. ಆ ಹೋಲಿಕೆಯನ್ನು ನಂಬಿ ಹೊರಟವರು ದೇಹದ ಸ್ವಭಾವವನ್ನು ಅರಿಯಲು ಅರ್ಧ ಶತಮಾನಕ್ಕಿಂತ ಹೆಚ್ಚು ಕಾಲ ಹಿಡಿಯಿತು.

೨. ದ್ವೀಪಗಳ ಶೋಧ

ಮಧುಮೇಹವು ನಮ್ಮ ಪ್ರಾಚೀನ ವೈದ್ಯರಿಗೆ ತಿಳಿದಿದ್ದ ರೋಗ. ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಪ್ರಮೇಹವನ್ನು ಸಹಜವೆಂದೂ ಅಪಥ್ಯದಿಂದ ಹುಟ್ಟಿದುದೆಂದೂ ಎರಡಾಗಿ ವಿಂಗಡಿಸಿ, ಮೊದಲನೆಯ ರೋಗಿಯು ಕೃಶನೆಂದೂ ಎರಡನೆಯವನು ಸ್ಥೂಲನೆಂದೂ ಹೇಳಿದೆ. ಇದು ಇಂದಿನ ಒಂದನೆಯ ಮತ್ತು ಎರಡನೆಯ ಬಗೆಗಳ ವಿಭಾಗವೇ ಎಂದು ಕೆಲವರು ಸಾಧಿಸುವುದುಂಟು. ಹಾಗೆ ಸಮೀಕರಿಸುವುದು ಸಾಹಸವೇ ಸರಿ. ಇಂದಿನ ವಿಭಾಗಕ್ಕೆ ಆಧಾರವಾದುದು ರೋಗಿಯ ಮೈಕಟ್ಟಲ್ಲ, ರೋಗದ ಕಾರಣ. ಆದರೂ ಎರಡು ಬಗೆಯ ರೋಗಿಗಳಿದ್ದಾರೆಂಬುದನ್ನು ಕಣ್ಣಿನಿಂದಲೇ ಗುರುತಿಸಿದ ಸೂಕ್ಷ್ಮದೃಷ್ಟಿಯು ಪ್ರಶಂಸನೀಯವಾಗಿದೆ.

ರೋಗದ ಮೂಲಸ್ಥಾನವು ಗೊತ್ತಾದುದು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ೧೮೬೯ರಲ್ಲಿ ಬರ್ಲಿನ್ನಿನ ವಿದ್ಯಾರ್ಥಿಯಾಗಿದ್ದ ಪಾಲ್ ಲ್ಯಾಂಗರ್‌ಹಾನ್ಸನು ತನ್ನ ಪದವಿಪ್ರಬಂಧದಲ್ಲಿ, ಮೊಲದ ಮೇದೋಜೀರಕಗ್ರಂಥಿಯಲ್ಲಿ ಅಲ್ಲಲ್ಲಿ ಚದರಿಕೊಂಡಿರುವ ಸಣ್ಣ ಸಣ್ಣ ಕೋಶಸಮೂಹಗಳನ್ನು ವರ್ಣಿಸಿದನು. ಅವುಗಳ ಕೆಲಸವೇನೆಂಬುದು ಅವನಿಗೆ ತಿಳಿಯಲಿಲ್ಲ. ಅದನ್ನು ಅವನು ಮುಚ್ಚಿಡಲೂ ಇಲ್ಲ. ಅವನು ೧೮೮೮ರಲ್ಲಿ ತೀರಿಕೊಂಡನು. ಮರುವರ್ಷವೇ ಸ್ಟ್ರಾಸ್‌ಬರ್ಗಿನಲ್ಲಿ ಆಸ್ಕರ್ ಮಿಂಕೋವ್‌ಸ್ಕಿ ಮತ್ತು ಯೋಸೆಫ್ ಫಾನ್ ಮೇರಿಂಗ್ ಎಂಬವರು ನಾಯಿಯ ಮೇದೋಜೀರಕವನ್ನು ಪೂರ್ತಿಯಾಗಿ ತೆಗೆದುಹಾಕಿದರೆ ಅದಕ್ಕೆ ತೀವ್ರವಾದ ಮಧುಮೇಹವು ಬರುತ್ತದೆಂದು ತೋರಿಸಿದರು. ೧೮೯೩ರಲ್ಲಿ ಫ್ರಾನ್ಸಿನ ಗುಸ್ತಾವ್ ಎಡ್ವರ್ಡ್ ಲಾಗೆಸ್ಸನು ಆ ಕೋಶಸಮೂಹಗಳಿಗೆ "ಲ್ಯಾಂಗರ್‌ಹಾನ್ಸನ ದ್ವೀಪಗಳು" ಎಂದು ಹೆಸರಿಟ್ಟು, ರಕ್ತಕ್ಕೆ ನೇರವಾಗಿ ಬೆರೆಯುವ ಯಾವುದೋ ರಸವನ್ನು ಅವು ಸ್ರವಿಸುತ್ತಿರಬೇಕೆಂದು ಊಹಿಸಿದನು. ಇನ್ನೂ ಯಾರೂ ಕಾಣದಿದ್ದ ಆ ರಸಕ್ಕೆ ೧೯೦೯ರಲ್ಲಿ ಬೆಲ್ಜಿಯಮ್ಮಿನ ಜೀನ್ ದ ಮೇಯರ್ ಎಂಬವನು, ದ್ವೀಪವೆಂಬ ಅರ್ಥವುಳ್ಳ ಲ್ಯಾಟಿನ್ ಶಬ್ದದಿಂದ "ಇನ್ಸುಲಿನ್" ಎಂಬ ಹೆಸರನ್ನು ಕಲ್ಪಿಸಿದನು. ವಸ್ತುವಿಗಿಂತ ಹನ್ನೆರಡು ವರ್ಷ ಮೊದಲೇ ಹೆಸರು ಹುಟ್ಟಿತು.

ಹೆಸರು ಯುಕ್ತವಾದುದೇ. ಮನುಷ್ಯನ ಮೇದೋಜೀರಕದಲ್ಲಿ ಸುಮಾರು ಹತ್ತು ಲಕ್ಷ ದ್ವೀಪಗಳಿವೆ. ಅವೆಲ್ಲವೂ ಸೇರಿ ಗ್ರಂಥಿಯ ತೂಕದಲ್ಲಿ ಶೇಕಡ ಒಂದೆರಡು ಪಾಲು ಮಾತ್ರ. ಉಳಿದುದೆಲ್ಲವೂ ಆಹಾರವನ್ನು ಜೀರ್ಣಿಸುವ ಉಗ್ರವಾದ ರಸವನ್ನು ಸ್ರವಿಸುವ ಸಮುದ್ರ. ಈ ಸಮುದ್ರವೇ ಮುಂದಿನ ಕಥೆಯ ಮೊದಲ ತೊಡಕು.

೩. ಇನ್ಸುಲಿನ್ನಿಗೆ ಹಿಂದಿನ ಪ್ರಯತ್ನಗಳು

ಮಿಂಕೋವ್‌ಸ್ಕಿಯು ೧೮೯೨ರಲ್ಲಿ ನಾಯಿಯ ಮೇದೋಜೀರಕದ ಒಂದು ತುಂಡನ್ನು ಅದರದೇ ಚರ್ಮದ ಕೆಳಗೆ ನೆಲೆಗೊಳಿಸಿ ಉಳಿದ ಗ್ರಂಥಿಯನ್ನು ತೆಗೆದನು. ನಾಯಿಗೆ ಮಧುಮೇಹ ಬರಲಿಲ್ಲ. ಆ ತುಂಡನ್ನೂ ತೆಗೆದೊಡನೆ ಬಂದಿತು. ಗ್ರಂಥಿಯು ತನ್ನ ಸಹಜವಾದ ಸ್ಥಾನದಲ್ಲಿಲ್ಲದಿದ್ದರೂ ಸಕ್ಕರೆಯನ್ನು ಹತೋಟಿಯಲ್ಲಿಡಬಲ್ಲುದೆಂಬುದು ಇದರಿಂದ ಸಿದ್ಧವಾಯಿತು. ಕಸಿಚಿಕಿತ್ಸೆಯ ತತ್ತ್ವವೆಲ್ಲವೂ ಬೀಜರೂಪವಾಗಿ ಈ ಒಂದು ಪ್ರಯೋಗದಲ್ಲಿದೆ.

ಮರುವರ್ಷದ, ಎಂದರೆ ೧೮೯೩ರ ಡಿಸೆಂಬರಿನಲ್ಲಿ, ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ವಾಟ್ಸನ್ ವಿಲಿಯಮ್ಸ್ ಎಂಬ ವೈದ್ಯನೂ ಹಾರ್ಸೆಂಟ್ ಎಂಬ ಶಸ್ತ್ರವೈದ್ಯನೂ ಸೇರಿ, ಮಧುಮೇಹದಿಂದ ಸಾವಿನ ಅಂಚನ್ನು ಮುಟ್ಟಿದ್ದ ಹದಿನೈದು ವರ್ಷದ ಬಾಲಕನೊಬ್ಬನ ಚರ್ಮದ ಕೆಳಗೆ, ಆಗತಾನೆ ಕೊಂದ ಕುರಿಯ ಮೇದೋಜೀರಕದ ತುಂಡುಗಳನ್ನಿಟ್ಟು ಹೊಲಿದರು. ಮೂರು ದಿನಗಳಲ್ಲಿ ಬಾಲಕನು ತೀರಿಕೊಂಡನು. ೧೮೯೪ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪತ್ರಿಕೆಯಲ್ಲಿ ಇದರ ವರದಿಯು ಪ್ರಕಟವಾಯಿತು. ಇಂದಿನ ಜ್ಞಾನದಿಂದ ನೋಡಿದರೆ ಈ ಪ್ರಯತ್ನವು ಎರಡು ಕಾರಣಗಳಿಂದ ನಿಷ್ಫಲವಾಗಲೇಬೇಕಾಗಿದ್ದಿತು: ತುಂಡಿನಲ್ಲಿದ್ದ ಜೀರ್ಣರಸವು ತುಂಡನ್ನೇ ಅರಗಿಸಿಬಿಡುತ್ತದೆ, ಕುರಿಯ ಮಾಂಸವನ್ನು ಮನುಷ್ಯದೇಹವು ಪರಕೀಯವೆಂದು ನಾಶಮಾಡುತ್ತದೆ. ಆದರೆ ಆ ವೈದ್ಯರನ್ನು ದುಡುಕಿದವರೆಂದು ನಿಂದಿಸುವುದು ಅನ್ಯಾಯ. ಅಂದು ಈ ರೋಗಕ್ಕೆ ತುತ್ತಾದ ಮಕ್ಕಳಿಗೆ ಪಥ್ಯದ ಉಪವಾಸವಲ್ಲದೆ ಬೇರೆ ಗತಿಯಿರಲಿಲ್ಲ. ಅದೂ ಸಾವನ್ನು ಕೆಲಕಾಲ ಮುಂದೂಡುತ್ತಿತ್ತೇ ಹೊರತು ತಪ್ಪಿಸುತ್ತಿರಲಿಲ್ಲ. ಅಲ್ಲಿ ಫಲವನ್ನು ಅಳೆಯುವ ಮಾನ ಒಂದೇ: ರೋಗಿಯು ಬದುಕಿದನೆ, ಇಲ್ಲವೆ?

೧೯೧೬ರಲ್ಲಿ ನ್ಯೂಕಾಸಲ್ ನಗರದ ಫ್ರೆಡರಿಕ್ ಪೈಬಸ್ ಎಂಬ ಶಸ್ತ್ರವೈದ್ಯನು ಇಬ್ಬರು ರೋಗಿಗಳಿಗೆ ಮೃತದೇಹದಿಂದ ತೆಗೆದ ಮಾನವ ಮೇದೋಜೀರಕದ ಹೋಳುಗಳನ್ನೇ ಚರ್ಮದ ಕೆಳಗೆ ಕಸಿಮಾಡಿದನು. ಒಬ್ಬನಲ್ಲಿ ಮೂತ್ರದ ಸಕ್ಕರೆಯು ಕೆಲದಿನ ಸ್ವಲ್ಪ ಇಳಿಯಿತು, ರೋಗವು ನಿಲ್ಲಲಿಲ್ಲ. ಅವನು ಇದನ್ನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದುದು ೧೯೨೪ರಲ್ಲಿ. ಅಷ್ಟರೊಳಗೆ ಕಾಲವೇ ಬದಲಾಗಿದ್ದಿತು.

೪. ಇನ್ಸುಲಿನ್ ಮತ್ತು ನಲವತ್ತು ವರ್ಷಗಳ ಮೌನ

೧೯೨೧ರಲ್ಲಿ ಟೊರಾಂಟೋ ನಗರದಲ್ಲಿ ಫ್ರೆಡರಿಕ್ ಬ್ಯಾಂಟಿಂಗನು ಬೆಸ್ಟನೊಡನೆ ಮೆಕ್ಲಿಯಡನ ಪ್ರಯೋಗಶಾಲೆಯಲ್ಲಿ ಕೆಲಸಕ್ಕೆ ತೊಡಗಿದಾಗ ಅವನ ಮೊದಲ ಯೋಜನೆಯು ಇದೇ ಸಮುದ್ರದಿಂದ ದ್ವೀಪವನ್ನು ಬಿಡಿಸುವುದಾಗಿತ್ತೆಂಬುದು ಇಲ್ಲಿ ಸ್ಮರಣೀಯ. ಜೀರ್ಣರಸದ ನಾಳವನ್ನು ಕಟ್ಟಿಬಿಟ್ಟರೆ ರಸಕೋಶಗಳು ಸೊರಗಿ ದ್ವೀಪಗಳು ಉಳಿಯುವುವು. ಆಗ ಅವುಗಳ ಸಾರವನ್ನು ತೆಗೆಯಬಹುದೆಂದು ಅವನು ಭಾವಿಸಿದ್ದನು. ಸಾರವನ್ನು ಶುದ್ಧಿಮಾಡುವ ಕೆಲಸವನ್ನು ಕೊಲಿಪನು ಸಾಧಿಸಿದನು. ೧೯೨೨ರ ಜನವರಿ ೧೧ರಂದು ಲಿಯೊನಾರ್ಡ್ ಥಾಂಪ್ಸನ್ ಎಂಬ ಹದಿನಾಲ್ಕು ವರ್ಷದ ಹುಡುಗನಿಗೆ ಕೊಟ್ಟ ಮೊದಲ ಚುಚ್ಚುಮದ್ದು ಹೆಚ್ಚು ಫಲಿಸಲಿಲ್ಲ. ಅದೇ ತಿಂಗಳ ೨೩ರಿಂದ ಕೊಟ್ಟ ಶುದ್ಧವಾದ ಸಾರವು ಫಲಿಸಿತು. ಬ್ರಿಸ್ಟಲಿನ ಬಾಲಕನಿಗೆ ದೊರೆಯದ ಜೀವವು ಅವನದೇ ಪ್ರಾಯದ ಈ ಹುಡುಗನಿಗೆ ದೊರೆಯಿತು.

ಇದರಿಂದ ಕಸಿಯ ಆಲೋಚನೆಯು ಸುಮಾರು ನಲವತ್ತು ವರ್ಷ ಹಿಂದೆ ಸರಿಯಿತು. ಸೀಸೆಯಲ್ಲಿ ಇನ್ಸುಲಿನ್ ದೊರೆಯುತ್ತಿರುವಾಗ ಗ್ರಂಥಿಯನ್ನು ಹುಡುಕುವವರಾರು? ಆದರೆ ಇನ್ಸುಲಿನ್ನಿನಿಂದ ಬದುಕಿದವರಲ್ಲಿಯೇ ವರ್ಷಗಳು ಕಳೆದಂತೆ ಕಣ್ಣು, ಮೂತ್ರಪಿಂಡ, ನರಗಳ ಹಾನಿ ಕಾಣಿಸತೊಡಗಿತು. ದ್ವೀಪಗಳು ರಕ್ತದ ಸಕ್ಕರೆಯನ್ನು ಕ್ಷಣಕ್ಷಣವೂ ಅಳೆದು ಅಷ್ಟೇ ಸ್ರವಿಸುತ್ತವೆ. ಚುಚ್ಚುಮದ್ದಿಗೆ ಈ ವಿವೇಕವಿಲ್ಲ. ೧೯೯೩ರಲ್ಲಿ ಪ್ರಕಟವಾದ, ೧,೪೪೧ ಮಂದಿ ರೋಗಿಗಳನ್ನೊಳಗೊಂಡ ಅಮೆರಿಕದ ಮಹಾಪರೀಕ್ಷೆಯು ಸಕ್ಕರೆಯನ್ನು ಬಿಗಿಯಾದ ಹತೋಟಿಯಲ್ಲಿಟ್ಟರೆ ಈ ಹಾನಿಗಳು ಬಹಳವಾಗಿ ಕಡಮೆಯಾಗುತ್ತವೆಂದು ಸಿದ್ಧಪಡಿಸಿತು. ಜೊತೆಗೆ, ಸಕ್ಕರೆಯು ಅಪಾಯಕರವಾಗಿ ಕುಸಿದು ಪರರ ನೆರವು ಬೇಕಾಗುವ ಪ್ರಸಂಗಗಳು ಸುಮಾರು ಮೂರು ಪಟ್ಟಾಗುತ್ತವೆಂಬುದನ್ನೂ ತೋರಿಸಿತು. ಈ ಎರಡನೆಯ ಫಲಿತಾಂಶವು ಕಸಿಚಿಕಿತ್ಸೆಯ ಗುರಿಯನ್ನೇ ಮುಂದೆ ಬದಲಾಯಿಸಿತು.

೫. ಬೇರ್ಪಡಿಸುವ ವಿದ್ಯೆ

ಮೊದಲ ತೊಡಕನ್ನು ಬಿಡಿಸಿದುದು ಕೊಲ್ಲಾಜಿನೇಸ್ ಎಂಬ ಕಿಣ್ವ. ಕೋಶಗಳನ್ನು ಒಂದಕ್ಕೊಂದು ಹೆಣೆದಿರುವ ಅಂಟುನಾರನ್ನು ಇದು ಕರಗಿಸುತ್ತದೆ. ೧೯೬೫ರಲ್ಲಿ ಪೋಲೆಂಡಿನ ಮೊಸ್ಕಲೆವ್‌ಸ್ಕಿಯವರು ಗಿನಿಹಂದಿಯ ಗ್ರಂಥಿಯಲ್ಲಿ ಇದನ್ನು ಪ್ರಯೋಗಿಸಿದರು. ೧೯೬೭ರಲ್ಲಿ ಅಮೆರಿಕದ ಸೇಂಟ್ ಲೂಯಿ ನಗರದಲ್ಲಿ ಪಾಲ್ ಲೇಸಿ ಮತ್ತು ಮೇರಿ ಕೊಸ್ಟಿಯಾನೊವ್‌ಸ್ಕಿಯವರು ಇಲಿಯ ಗ್ರಂಥಿಯ ನಾಳಕ್ಕೆ ಲವಣದ್ರವವನ್ನು ತುಂಬಿ ಅದನ್ನು ಉಬ್ಬಿಸಿ, ಬಳಿಕ ಕಿಣ್ವದಿಂದ ಕರಗಿಸಿ, ದ್ವೀಪಗಳನ್ನು ಜೀವಂತವಾಗಿ ಬಿಡಿಸಿದರು. ೧೯೭೨ರಲ್ಲಿ ಬ್ಯಾಲಿಂಜರ್ ಮತ್ತು ಲೇಸಿಯವರು ಹಾಗೆ ಬಿಡಿಸಿದ ದ್ವೀಪಗಳಿಂದ ಇಲಿಗಳ ಮಧುಮೇಹವನ್ನು ಶಮನಗೊಳಿಸಿದರು. ೧೯೭೩ರಲ್ಲಿ ಕೆಂಪ್ ಮೊದಲಾದವರು, ಕರುಳಿನ ರಕ್ತವನ್ನು ಯಕೃತ್ತಿಗೆ ಒಯ್ಯುವ ಸಿರೆಯೊಳಕ್ಕೆ ದ್ವೀಪಗಳನ್ನು ಬಿಟ್ಟರೆ ಅವು ಯಕೃತ್ತಿನಲ್ಲಿ ನೆಲೆನಿಂತು ಚೆನ್ನಾಗಿ ಕೆಲಸಮಾಡುತ್ತವೆಂದು ತೋರಿಸಿದರು. ಇಂದಿಗೂ ಮನುಷ್ಯರಲ್ಲಿ ಬಹುಮಟ್ಟಿಗೆ ಅನುಸರಿಸುವ ಮಾರ್ಗವು ಇದೇ. ಶಸ್ತ್ರಚಿಕಿತ್ಸೆಯ ದೊಡ್ಡ ಗಾಯವಿಲ್ಲದೆ, ಸೂಜಿಯ ಮೂಲಕ ಸಿರೆಯನ್ನು ಹೊಕ್ಕು ದ್ವೀಪಗಳನ್ನು ಹರಿಯಬಿಡುವುದು ಈ ಚಿಕಿತ್ಸೆಯ ವಿಶೇಷ.

ಇಲಿಯಲ್ಲಿ ಫಲಿಸಿದುದು ಮನುಷ್ಯನಲ್ಲಿ ಸುಲಭವಾಗಿ ಫಲಿಸಲಿಲ್ಲ. ಮಾನವ ಗ್ರಂಥಿಯ ನಾರು ಹೆಚ್ಚು ಬಿಗಿಯಾದುದು. ಮಿನೆಸೋಟದಲ್ಲಿ ನಜೇರಿಯನ್, ಸದರ್ಲೆಂಡ್ ಮೊದಲಾದವರು ೧೯೭೪ರಿಂದ ನಡೆಸಿದ ಕಸಿಗಳಲ್ಲಿ ರೋಗಿಗಳಿಗೆ ಬೇಕಾಗುವ ಇನ್ಸುಲಿನ್ ಕಡಮೆಯಾಯಿತೇ ವಿನಾ ಅದರಿಂದ ಬಿಡುಗಡೆಯಾಗಲಿಲ್ಲ. ಅಲ್ಲಿಯೇ ೧೯೭೭ರಲ್ಲಿ ನಡೆದ ಇನ್ನೊಂದು ಬಗೆಯ ಕಸಿಯು ಚರಿತ್ರಕಾರನಿಗೆ ಬಹು ಮುಖ್ಯವಾದುದು. ಗ್ರಂಥಿಯ ದೀರ್ಘಕಾಲದ ಉರಿಯೂತದಿಂದ ಅಸಹ್ಯವಾದ ನೋವನ್ನು ಅನುಭವಿಸುವವರ ಮೇದೋಜೀರಕವನ್ನು ತೆಗೆದುಹಾಕಿ, ಅದರಿಂದ ಬಿಡಿಸಿದ ಅವರವೇ ದ್ವೀಪಗಳನ್ನು ಅವರ ಯಕೃತ್ತಿಗೆ ಹಿಂದಿರುಗಿಸುವ ಕ್ರಮವು ಅಂದು ಮೊದಲಾಯಿತು. ಇಂತಹ ಕಸಿಗಳು ನಿಂತುವು. ಆದುದರಿಂದ ಬೇರ್ಪಡಿಸಿದ ದ್ವೀಪಗಳು ಮನುಷ್ಯನ ಯಕೃತ್ತಿನಲ್ಲಿ ಬಾಳಬಲ್ಲುವೆಂಬುದರಲ್ಲಿ ಸಂದೇಹ ಉಳಿಯಲಿಲ್ಲ. ಸೋಲಿಗೆ ಕಾರಣವನ್ನು ಇನ್ನು ಬೇರೆಡೆ ಹುಡುಕಬೇಕಾಗಿದ್ದಿತು.

೧೯೮೮ರಲ್ಲಿ ಕಮಿಲ್ಲೊ ರಿಕಾರ್ಡಿಯವರು ಕಿಣ್ವದ್ರವವು ಸದಾ ಹರಿಯುತ್ತ, ಒಳಗಿನ ಗುಂಡುಗಳ ಕುಲುಕಾಟದಿಂದ ಗ್ರಂಥಿಯು ಮೆಲ್ಲಗೆ ಬಿಡಿಬಿಡಿಯಾಗುವ ಪಾತ್ರೆಯೊಂದನ್ನು ನಿರ್ಮಿಸಿದರು. ಬಿಡುಗಡೆಯಾದ ದ್ವೀಪಗಳು ಕಿಣ್ವಕ್ಕೆ ಸಿಕ್ಕಿ ಹಾಳಾಗುವ ಮೊದಲೇ ಹೊರಕ್ಕೆ ಹರಿದುಬರುವುದರಿಂದ, ಒಂದು ಗ್ರಂಥಿಯಿಂದ ಲಕ್ಷಗಟ್ಟಲೆ ದ್ವೀಪಗಳನ್ನು ಪಡೆಯುವುದು ಸಾಧ್ಯವಾಯಿತು. ೧೯೯೦ರಲ್ಲಿ ಸೇಂಟ್ ಲೂಯಿಯ ಶಾರ್ಪ್ ಮೊದಲಾದವರು ಒಂದನೆಯ ಬಗೆಯ ರೋಗಿಯೊಬ್ಬರು ಅಲ್ಪಕಾಲ ಇನ್ಸುಲಿನ್ನಿಲ್ಲದೆ ಇದ್ದುದನ್ನು ವರದಿಮಾಡಿದರು.

೬. ಎರಡು ಶತ್ರುಗಳು

ಎರಡನೆಯ ತೊಡಕು ಪರಕೀಯತೆಯದು. ಒಬ್ಬರ ಚರ್ಮವು ಇನ್ನೊಬ್ಬರಲ್ಲಿ ನಿಲ್ಲದಿರುವುದಕ್ಕೆ ದೇಹದ ರೋಗನಿರೋಧಕ ಶಕ್ತಿಯೇ ಕಾರಣವೆಂಬುದನ್ನು ಪೀಟರ್ ಮೆಡವಾರನು ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಸಿದ್ಧಪಡಿಸಿದನು. ಈ ಶಕ್ತಿಯನ್ನು ತಗ್ಗಿಸುವ ಔಷಧಗಳು ಬಹುಮಟ್ಟಿಗೆ ಮಣ್ಣಿನಿಂದಲೇ ದೊರೆತುದು ಕುತೂಹಲಕರವಾಗಿದೆ. ಸೈಕ್ಲೊಸ್ಪೋರಿನ್ ನಾರ್ವೆಯ ಮಣ್ಣಿನ ಶಿಲೀಂಧ್ರದಿಂದಲೂ, ಟ್ಯಾಕ್ರೋಲಿಮಸ್ ಜಪಾನಿನ ಸುಕುಬ ಪ್ರದೇಶದ ಮಣ್ಣಿನ ಸೂಕ್ಷ್ಮಜೀವಿಯಿಂದಲೂ ಬಂದುವು. ಶಾಂತಸಾಗರದ ಈಸ್ಟರ್ ದ್ವೀಪದಿಂದ ೧೯೬೪ರಲ್ಲಿ ತಂದ ಮಣ್ಣಿನಲ್ಲಿದ್ದ ಜೀವಿಯಿಂದ ಸಿರೋಲಿಮಸ್ ಎಂಬ ಔಷಧವನ್ನು ಮಾಂಟ್ರಿಯಲಿನಲ್ಲಿ ಬಿಡಿಸಿದವರಲ್ಲಿ ಮುಖ್ಯನಾದವನು ಕಾಶಿಯ ಹಿಂದೂ ವಿಶ್ವವಿದ್ಯಾಲಯದಲ್ಲಿ ಓದಿದ ಸುರೇಂದ್ರನಾಥ ಸೆಹಗಲನು. ಆ ದ್ವೀಪದ ಸ್ಥಳೀಯ ನಾಮವಾದ ರಾಪಾ ನೂಯಿ ಎಂಬುದರಿಂದಲೇ ಔಷಧಕ್ಕೆ ರಾಪಮೈಸಿನ್ ಎಂಬ ಮೊದಲ ಹೆಸರು ಬಂದಿತು.

ಮೂರನೆಯ ತೊಡಕು ಇನ್ನೂ ಗೂಢವಾದುದು. ಒಂದನೆಯ ಬಗೆಯ ಮಧುಮೇಹದಲ್ಲಿ ದೇಹವು ತನ್ನ ದ್ವೀಪಕೋಶಗಳನ್ನು ತಾನೇ ಕೊಲ್ಲುತ್ತದೆ. ಇದಕ್ಕೆ ಅಲುಗದ ಸಾಕ್ಷ್ಯವು ಮಿನೆಸೋಟದಲ್ಲಿ ದೊರೆಯಿತು. ಅಲ್ಲಿ ಒಂದೇ ಅಂಡದಿಂದ ಹುಟ್ಟಿದ ಅವಳಿಗಳಲ್ಲಿ ಆರೋಗ್ಯವಂತರ ಮೇದೋಜೀರಕದ ಭಾಗವನ್ನು ರೋಗಿಗಳಾಗಿದ್ದ ಒಡಹುಟ್ಟಿದವರಿಗೆ ಕಸಿಮಾಡಿದರು. ಪರಕೀಯತೆಯಿಲ್ಲದುದರಿಂದ ದೇಹವು ಕಸಿಯನ್ನು ನಿರಾಕರಿಸಲಿಲ್ಲ. ಆದರೂ ನಿರೋಧಶಕ್ತಿಯನ್ನು ತಗ್ಗಿಸದಿದ್ದಲ್ಲಿ ಹಳೆಯ ರೋಗವೇ ಮರಳಿ ಬಂದು ಹೊಸ ದ್ವೀಪಗಳನ್ನು ನಾಶಮಾಡಿತು. ಕಸಿಯಾದ ದ್ವೀಪಕ್ಕೆ ಹೀಗೆ ಇಬ್ಬರು ಶತ್ರುಗಳು: ಪರರದೆಂಬ ಕಾರಣಕ್ಕೆ ಒಬ್ಬ, ದ್ವೀಪವೆಂಬ ಕಾರಣಕ್ಕೆ ಮತ್ತೊಬ್ಬ. ಇವರಿಬ್ಬರನ್ನು ತಡೆಯುವ ಔಷಧಗಳಲ್ಲಿಯೂ ಒಂದು ವಿರೋಧವಿತ್ತು. ಅಂಗಕಸಿಯಲ್ಲಿ ವಾಡಿಕೆಯಾಗಿದ್ದ ಸ್ಟೆರಾಯ್ಡುಗಳು ತಾವೇ ರಕ್ತದ ಸಕ್ಕರೆಯನ್ನು ಏರಿಸುತ್ತವೆ. ೧೯೯೦ರಿಂದ ಆ ದಶಕದ ಕೊನೆಯವರೆಗೆ ಲೆಕ್ಕಕ್ಕೆ ಬಂದ ೨೬೭ ಕಸಿಗಳಲ್ಲಿ ಒಂದು ವಾರಕ್ಕಿಂತ ಹೆಚ್ಚು ಕಾಲ ಇನ್ಸುಲಿನ್ನಿನಿಂದ ಬಿಡುಗಡೆ ದೊರೆತುದು ಶೇಕಡ ೧೨.೪ರಲ್ಲಿ, ಒಂದು ವರ್ಷವನ್ನು ಮೀರಿದುದು ಶೇಕಡ ೮.೨ರಲ್ಲಿ ಮಾತ್ರ.

೭. ಎಡ್ಮಂಟನ್ನಿನ ಕ್ರಮವೂ ಅದರ ಪರಿಣಾಮವೂ

ಆಲ್ಬರ್ಟ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಶಪೀರೊ ಅವರೂ ಸಹೋದ್ಯೋಗಿಗಳೂ ಈ ವಿರೋಧವನ್ನು ನೇರವಾಗಿ ಎದುರಿಸಿದರು. ಸ್ಟೆರಾಯ್ಡನ್ನು ಪೂರ್ತಿಯಾಗಿ ಬಿಟ್ಟು, ಸಿರೋಲಿಮಸ್, ಅಲ್ಪಪ್ರಮಾಣದ ಟ್ಯಾಕ್ರೋಲಿಮಸ್ ಮತ್ತು ಡ್ಯಾಕ್ಲಿಜುಮ್ಯಾಬ್ ಎಂಬ ಮೂರನ್ನು ಬಳಸಿದರು. ದೇಹತೂಕದ ಕಿಲೋಗ್ರಾಮಿಗೆ ಸರಾಸರಿ ೧೧,೫೪೭ರಂತೆ, ಎಂದರೆ ಎಪ್ಪತ್ತು ಕಿಲೋ ತೂಗುವವರಿಗೆ ಸುಮಾರು ಎಂಟು ಲಕ್ಷ ದ್ವೀಪಗಳನ್ನು ಕೊಟ್ಟರು. ಬೇರ್ಪಡಿಸುವಾಗ ಬಹುಭಾಗ ನಷ್ಟವಾಗುವುದರಿಂದ ಒಬ್ಬೊಬ್ಬ ರೋಗಿಗೆ ಎರಡಾದರೂ ದಾನಿಗಳ ಗ್ರಂಥಿಗಳು ಬೇಕಾದುವು. ೨೦೦೦ನೆಯ ಇಸವಿಯ ಜುಲೈ ೨೭ರಂದು ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ಪ್ರಕಟವಾದ ವರದಿಯಂತೆ, ಕ್ರಮವಾಗಿ ಚಿಕಿತ್ಸೆ ಪಡೆದ ಏಳು ಮಂದಿಯೂ ಇನ್ಸುಲಿನ್ನಿನಿಂದ ಬಿಡುಗಡೆ ಹೊಂದಿದ್ದರು.

ಜಗತ್ತು ಇದನ್ನು ರೋಗಪರಿಹಾರವೆಂದೇ ಸ್ವಾಗತಿಸಿತು. ಆದರೆ ಅದೇ ಎಡ್ಮಂಟನ್ನಿನ ವೈದ್ಯರು ೨೦೦೫ರಲ್ಲಿ ೬೫ ರೋಗಿಗಳ ಐದು ವರ್ಷಗಳ ವೃತ್ತಾಂತವನ್ನು ಮರೆಮಾಚದೆ ಪ್ರಕಟಿಸಿದರು: ಐದು ವರ್ಷಗಳ ಕೊನೆಗೆ ಇನ್ಸುಲಿನ್ನಿಲ್ಲದೆ ಇದ್ದವರು ಶೇಕಡ ೧೦ರಷ್ಟು; ಕಸಿಯು ಸ್ವಲ್ಪವಾದರೂ ಜೀವಂತವಾಗಿ ಸ್ರವಿಸುತ್ತಿದ್ದುದು ಶೇಕಡ ೮೦ರಷ್ಟು ಮಂದಿಯಲ್ಲಿ. ೨೦೦೬ರಲ್ಲಿ ಒಂಬತ್ತು ಕೇಂದ್ರಗಳ ೩೬ ರೋಗಿಗಳ ಪರೀಕ್ಷೆಯು ಪ್ರಕಟವಾಯಿತು. ವರ್ಷದ ಕೊನೆಗೆ ೧೬ ಮಂದಿ ಬಿಡುಗಡೆ ಹೊಂದಿದ್ದರು. ಎರಡು ವರ್ಷಗಳ ಕೊನೆಗೆ ಅವರಲ್ಲಿ ಉಳಿದವರು ೫ ಮಂದಿ.

ಈ ಅಂಕಿಗಳನ್ನು ಒಂದು ರೀತಿಯಿಂದ ಓದಿದರೆ ಸೋಲು, ಇನ್ನೊಂದು ರೀತಿಯಿಂದ ಓದಿದರೆ ಜಯ. ಚುಚ್ಚುಮದ್ದು ಮತ್ತೆ ಬೇಕಾದವರಲ್ಲಿಯೂ ಉಳಿದಿದ್ದ ಅಲ್ಪ ಸ್ರಾವವು, ಸಕ್ಕರೆಯು ಪ್ರಜ್ಞೆ ತಪ್ಪುವಷ್ಟು ಕುಸಿಯುವ ವಿಪತ್ತಿನಿಂದ ಅವರನ್ನು ಕಾಪಾಡುತ್ತಿತ್ತು. ಆದುದರಿಂದ ೨೦೧೬ರಲ್ಲಿ ಹೆರಿಂಗ್ ಮೊದಲಾದವರು ಪ್ರಕಟಿಸಿದ, ೪೮ ರೋಗಿಗಳ ಪರೀಕ್ಷೆಯಲ್ಲಿ ಫಲದ ಮಾನವನ್ನೇ ಬದಲಾಯಿಸಲಾಯಿತು. ಸಕ್ಕರೆಯ ಉತ್ತಮ ಹತೋಟಿ ಮತ್ತು ತೀವ್ರ ಕುಸಿತದಿಂದ ಮುಕ್ತಿ, ಇವೆರಡನ್ನೂ ವರ್ಷದ ಕೊನೆಗೆ ಪಡೆದವರು ಶೇಕಡ ೮೭.೫, ಎರಡು ವರ್ಷಗಳ ಕೊನೆಗೆ ಶೇಕಡ ೭೧. ಇದು ಗುರಿಯನ್ನು ತಗ್ಗಿಸಿ ಜಯವನ್ನು ಸಾರಿದ ಉಪಾಯವೆಂದು ಆಕ್ಷೇಪಿಸಬಹುದು. ಆದರೆ ರಾತ್ರಿ ಮಲಗಿದವರು ಬೆಳಗ್ಗೆ ಏಳುವೆನೋ ಇಲ್ಲವೋ ಎಂಬ ಭಯದಲ್ಲಿರುವಾಗ, ಆ ಭಯದ ನಿವಾರಣೆಯು ಚುಚ್ಚುಮದ್ದಿನ ನಿವಾರಣೆಗಿಂತ ದೊಡ್ಡದೆಂಬುದನ್ನು ಒಪ್ಪಬೇಕು.

ಇಲ್ಲಿಯೇ ಈ ಚಿಕಿತ್ಸೆಯ ನೈತಿಕ ಪ್ರಶ್ನೆಯೂ ಇದೆ. ಕಸಿಯನ್ನು ಪಡೆದವರು ಇನ್ಸುಲಿನ್ನನ್ನು ಬಿಟ್ಟು ನಿರೋಧಶಕ್ತಿಯನ್ನು ತಗ್ಗಿಸುವ ಔಷಧಗಳನ್ನು ಹಿಡಿಯುತ್ತಾರೆ. ಸೋಂಕು, ಅರ್ಬುದ, ಮೂತ್ರಪಿಂಡದ ಹಾನಿ ಇವುಗಳ ಅಪಾಯವನ್ನು ಅವರು ಒಪ್ಪಿಕೊಳ್ಳಬೇಕು. ಇನ್ಸುಲಿನ್ನಿನಿಂದ ಚೆನ್ನಾಗಿ ಬಾಳುತ್ತಿರುವ ಮಗುವಿಗೆ ಈ ವಿನಿಮಯವು ಹಿತವಲ್ಲ. ಕುಸಿತದ ವಿಪತ್ತಿಗೆ ಮತ್ತೆ ಮತ್ತೆ ಗುರಿಯಾಗುವ ವಯಸ್ಕರಿಗೆ ಹಿತವಾಗಬಹುದು. ೨೦೨೩ರ ಜೂನ್ ೨೮ರಂದು ಅಮೆರಿಕದ ಔಷಧನಿಯಂತ್ರಣ ಸಂಸ್ಥೆಯು ಲ್ಯಾಂಟಿಡ್ರ ಎಂಬ ಹೆಸರಿನ ದ್ವೀಪಕೋಶಚಿಕಿತ್ಸೆಗೆ ಅನುಮತಿಯನ್ನಿತ್ತಾಗಲೂ ಇಂತಹ ವಯಸ್ಕರಿಗೆ ಮಾತ್ರವೇ ಅದನ್ನು ಮಿತಿಗೊಳಿಸಿತು. ಅದರ ಆಧಾರವಾದ ೩೦ ರೋಗಿಗಳಲ್ಲಿ ೨೧ ಮಂದಿ ಒಂದು ವರ್ಷ ಅಥವಾ ಹೆಚ್ಚು ಕಾಲ ಇನ್ಸುಲಿನ್ನಿಲ್ಲದೆ ಇದ್ದರು. ಅವರಲ್ಲಿ ೧೦ ಮಂದಿ ಐದು ವರ್ಷಗಳನ್ನು ಮೀರಿದ್ದರು. ದಾನಿಯ ದ್ವೀಪಗಳು ಅಂಗವೆ, ಔಷಧವೆ ಎಂಬ ವಾದವೂ ಅಮೆರಿಕದಲ್ಲಿ ಬಹುಕಾಲದಿಂದ ನಡೆದಿದೆ. ಇದು ಬರಿಯ ಶಬ್ದವಿವಾದವಲ್ಲ. ಔಷಧವೆಂದರೆ ಒಂದು ಕಾನೂನು, ಅಂಗವೆಂದರೆ ಮತ್ತೊಂದು. ಹೆಸರಿಡುವುದರ ಮೇಲೆ ರೋಗಿಗೆ ಚಿಕಿತ್ಸೆಯು ದೊರೆಯುವುದೋ ಇಲ್ಲವೋ ಎಂಬುದು ನಿಂತಿದೆ.

೮. ಇತ್ತೀಚಿನ ಬೆಳವಣಿಗೆ ಮತ್ತು ಉಪಸಂಹಾರ

ದಾನಿಗಳ ಅಭಾವವನ್ನು ನೀಗಲು, ಮೂಲಕೋಶಗಳಿಂದ ದ್ವೀಪಕೋಶಗಳನ್ನು ಪ್ರಯೋಗಶಾಲೆಯಲ್ಲಿಯೇ ಬೆಳೆಸುವ ವಿಧಾನವನ್ನು ಹಾರ್ವರ್ಡಿನ ಡಗ್ಲಸ್ ಮೆಲ್ಟನ್ ಮೊದಲಾದವರು ೨೦೧೪ರಲ್ಲಿ ಪ್ರಕಟಿಸಿದರು. ೨೦೨೫ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ಇಂತಹ ಕೋಶಗಳ ಪೂರ್ಣಪ್ರಮಾಣವನ್ನು ಪಡೆದ ೧೨ ಮಂದಿಯಲ್ಲಿ ೧೦ ಮಂದಿ ವರ್ಷದ ಕೊನೆಗೆ ಇನ್ಸುಲಿನ್ನಿಲ್ಲದೆ ಇದ್ದರು. ಅದೇ ಪರೀಕ್ಷೆಗೆ ಒಳಗಾದ ಒಟ್ಟು ೧೪ ಮಂದಿಯಲ್ಲಿ ಇಬ್ಬರು ತೀರಿಕೊಂಡರು. ಅವರಲ್ಲಿ ಒಬ್ಬರ ಸಾವಿಗೆ ಕಾರಣವು ಮಿದುಳಿನ ಪೊರೆಯ ಶಿಲೀಂಧ್ರಸೋಂಕು. ಎರಡನೆಯ ತೊಡಕು ಇನ್ನೂ ತನ್ನ ಬೆಲೆಯನ್ನು ಕೇಳುತ್ತಿದೆ. ಅದೇ ವರ್ಷ ಸ್ವೀಡನ್ನಿನ ಉಪ್ಸಾಲದಲ್ಲಿ, ನಿರೋಧಶಕ್ತಿಯ ಕಣ್ಣಿಗೆ ಬೀಳದಂತೆ ವಂಶಬೀಜಗಳನ್ನು ತಿದ್ದಿದ ದಾನಿಯ ದ್ವೀಪಕೋಶಗಳನ್ನು ಒಬ್ಬ ರೋಗಿಯ ಮುಂದೋಳಿನ ಸ್ನಾಯುವಿನಲ್ಲಿಟ್ಟು, ಯಾವ ಔಷಧವೂ ಇಲ್ಲದೆ ಹನ್ನೆರಡು ವಾರಗಳ ಬಳಿಕವೂ ಅವು ಸ್ರವಿಸುತ್ತಿದ್ದುದನ್ನು ವರದಿಮಾಡಿದರು. ಪ್ರಮಾಣವು ಅತ್ಯಲ್ಪವಾಗಿದ್ದುದರಿಂದ ರೋಗಿಗೆ ಇನ್ಸುಲಿನ್ ಬೇಕೇ ಆಗಿದ್ದಿತು. ಆದರೂ ದಾರಿಯು ಯಾವ ಕಡೆಗೆಂಬುದನ್ನು ಇದು ಸೂಚಿಸುತ್ತದೆ.

ಇನ್ನು ಮೊದಲಿನ ಪ್ರಶ್ನೆಗೆ ಬರೋಣ. ತತ್ತ್ವವು ಸಿದ್ಧವಾದುದು ೧೮೯೨ರಲ್ಲಿ. ಮನುಷ್ಯನ ಮೇಲೆ ಮೊದಲ ಪ್ರಯತ್ನ ೧೮೯೩ರಲ್ಲಿ. ದ್ವೀಪಗಳು ಸಮುದ್ರದಿಂದ ಬಿಡುಗಡೆಯಾದುದು ೧೯೬೭ರಲ್ಲಿ. ತನ್ನವೇ ದ್ವೀಪಗಳು ಮನುಷ್ಯನಲ್ಲಿ ನಿಲ್ಲತೊಡಗಿದುದು ೧೯೭೭ರಿಂದ. ಪರರ ದ್ವೀಪಗಳಿಂದ ಕ್ರಮಬದ್ಧವಾದ ಬಿಡುಗಡೆ ದೊರೆತುದು ೨೦೦೦ದಲ್ಲಿ. ಬದುಕುವುದು, ಸಕ್ಕರೆಯು ಇಳಿಯುವುದು, ಚುಚ್ಚುಮದ್ದಿನಿಂದ ಬಿಡುಗಡೆ, ಭಯದಿಂದ ಬಿಡುಗಡೆ ಎಂದು ಗುಣದ ಅರ್ಥವು ನಾಲ್ಕು ಬಾರಿ ಬದಲಾಗಿದೆ. ಔಷಧದ ಹಂಗಿಲ್ಲದೆ ದೇಹವು ಕಸಿಯನ್ನು ತನ್ನದೆಂದು ಒಪ್ಪುವುದು ಐದನೆಯ ಅರ್ಥ. ತೋಟಗಾರನ ಆ ಹಳೆಯ ಮಾತು ವೈದ್ಯನಿಗೂ ಪೂರ್ಣವಾಗಿ ಸಲ್ಲುವುದು ಅಂದು.